ಮದುವೆಗೆ ಒಲ್ಲೆನೆಂದ ಮರಿಯಯ್ಯ

ಮುದ್ದಮ್ಮನ ತಂಗಿಯ ಮೊಮ್ಮಗಳಿಗೆ ಕೊಳ್ಳೇಗಾಲದಲ್ಲಿ ಮದುವೆ ಗೊತ್ತಾಯಿತು. ಅವಳ ಗಂಡ ಮರಿಯಯ್ಯ ಮಾತ್ರ ತಾನು ಬರುವುದಿಲ್ಲ, ಮಂಡಿನೋವು ಎಂದುಬಿಟ್ಟ. ಬಸ್ ಡ್ರೈವರ್ ಆಗಿ ನಿವೃತ್ತನಾದ ಮೇಲೂ ಊರೂರು ಸುತ್ತುತ್ತಿದ್ದ ಗಂಡ ಈಚೆಗೆ ಮನೆಯ ಮುಂದಿನ ಪಾರ್ಕಿಗೂ ಹೋಗುತ್ತಿರಲಿಲ್ಲ. ತನ್ನ ತವರಿನವರ ಮೇಲೆ ಏನೋ ಮುನಿಸು ಎಂದುಕೊಂಡ ಮುದ್ದಮ್ಮ ಎರಡು ದಿನ ಮಾತು ಬಿಟ್ಟಳು. ಆಮೇಲೆ ಅವನನ್ನು ಆಟೋ ಹತ್ತಿಸಿ ಸರಸ್ವತಿಪುರಂನ ಕ್ಲಿನಿಕ್ಕಿಗೆ ಕರೆತಂದಳು.

ಡಾಕ್ಟರ್ ಸಂಘಮಿತ್ರ ಮಂಡಿಯನ್ನು ಮಡಿಸಿ, ಚಾಚಿ, ಒತ್ತಿ ನೋಡಿದಳು. ಮರಿಯಯ್ಯ ನೋವೆಂದು ಮುಖ ಕಿವುಚುತ್ತಿದ್ದ. ಕೆಲವು ಸಲ ಅವಳು ಮುಟ್ಟುವ ಮೊದಲೇ ಕಿವುಚಿದ. ಮಂಚದಿಂದ ಇಳಿದಾಗ ಮಾತ್ರ ನಿಜವಾಗಿಯೂ ತೂರಾಡಿ ಗೋಡೆ ಹಿಡಿದ. ತುಟಿ ಒಣಗಿತ್ತು. ನೀರು ಕುಡಿಯುತ್ತಾರೆಯೇ ಎಂದು ಡಾಕ್ಟರ್ ಕೇಳಿದ್ದಕ್ಕೆ, ಮಜ್ಜಿಗೆ ಕೊಟ್ಟರೂ ಬೇಡವೆನ್ನುತ್ತಾರೆ ಎಂದು ಮುದ್ದಮ್ಮ ದೂರಿದಳು. ಅಷ್ಟರಲ್ಲಿ ಮರಿಯಯ್ಯ ಶೌಚಾಲಯ ಎಲ್ಲಿದೆ ಎಂದು ಕೇಳಿದ. ಒಳಗೆ ಬರುವ ಮುಂಚೆಯೂ ಅವನು ಅದನ್ನೇ ಕೇಳಿದ್ದನ್ನು ಸಂಘಮಿತ್ರ ಗಮನಿಸಿದ್ದಳು.

ಅವನು ವಾಪಸಾಗುವಷ್ಟರಲ್ಲಿ, ಬಂದದ್ದೇ ಬಂದಿರಿ, ನಿಮ್ಮ ಬಿಪಿಯನ್ನೂ ನೋಡಿಸಿಬಿಡಿ ಎಂದು ಮುದ್ದಮ್ಮನನ್ನು ನರ್ಸ್ ಹತ್ತಿರ ಕಳಿಸಿದ್ದಳು. ಬಾಗಿಲು ಮುಚ್ಚಿ, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ಎಂದು ಮೆಲ್ಲಗೆ ಕೇಳಿದಳು.

ಮರಿಯಯ್ಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ಬಾಯಿಬಿಟ್ಟ.

“ಊರೆಲ್ಲಾ ಬಸ್ ಓಡಿಸ್ದೋನು ನಾನು. ಈಗ ಬಸ್ ಅತ್ತಕ್ಕೇ ಭಯ ಕಣಮ್ಮ. ಬಂದ್ರೆ ತಡ್ಕೊಳಕ್ಕಾಗಲ್ಲ. ಅದಕ್ಕೇ ನೀರೇ ಬುಟ್‌ಬುಟ್ಟೆ. ಇದ್ನ ಯಾರ್‌ಗೆ ಎಂಗೆ ಏಳದು?”

“ನಿಮ್ಮ ವಯಸ್ಸಲ್ಲಿ ತುಂಬಾ ಗಂಡಸರಿಗೆ ಇದಿದೆ ಅಜ್ಜ. ಹೇಳ್ಕೊಳ್ಳೋರೇ ಕಮ್ಮಿ,” ಎಂದಳು ಸಂಘಮಿತ್ರ.

ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನ್ ಆದವು. ವಯಸ್ಸಿಗೆ ತಕ್ಕಂತೆ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಪದೇ ಪದೇ ಮೂತ್ರ ಬರುವುದು ಅದರಿಂದಲೇ, ಗಾಬರಿ ಪಡುವಂಥದ್ದೇನೂ ಇಲ್ಲ ಎಂದು ಗೊತ್ತಾಯಿತು. ತಲೆಸುತ್ತಿಗೆ ನೀರು ಬಿಟ್ಟದ್ದೇ ಕಾರಣ. ಡಾಕ್ಟರ್ ಮಾತ್ರೆ ಬರೆದುಕೊಟ್ಟಳು. ಹಗಲಲ್ಲಿ ಚೆನ್ನಾಗಿ ನೀರು ಕುಡಿಯಬೇಕು, ಸಂಜೆಯ ಕಾಫಿ ಬಿಡಬೇಕು, ಹಾಸಿಗೆಯಿಂದ ನಿಧಾನವಾಗಿ ಏಳಬೇಕು ಎಂದಳು. ಕಾಫಿಯ ವಿಷಯಕ್ಕೆ ಮರಿಯಯ್ಯ ಸ್ವಲ್ಪ ಚೌಕಾಸಿ ಮಾಡಿದ, ನಡೆಯಲಿಲ್ಲ.

ಮನೆಗೆ ಹೋಗುವಾಗ ಆಟೋದಲ್ಲೇ ಹೆಂಡತಿಗೆ ಎಲ್ಲ ಹೇಳಿದ. ಅವಳು ನಗುತ್ತಾಳೆಂದು ಹೆದರಿದ್ದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಮ್ಮೋರ್ ಮ್ಯಾಲೆ ಕ್ವಾಪ ಅನ್ಕೊಂಡು ನಿಮ್ಗೆ ಎರಡು ದಿನ ಬರೀ ಉಪ್‌ಸಾರು ಆಕ್ದೆನಲ್ರೀ,” ಎಂದಳು.

“ಅದೇ ಚೆನ್ನಾಗಿತ್ತು ಕಣೆ,” ಎಂದ ಮರಿಯಯ್ಯ. ಆಗ ಇಬ್ಬರೂ ನಕ್ಕರು.

ಕೆಲವು ವಾರಗಳಲ್ಲಿ ರಾತ್ರಿಯ ಓಡಾಟ ಕಡಿಮೆಯಾಯಿತು, ನಿದ್ದೆ ಹತ್ತಿತು. ಮದುವೆಗೆ ಇಬ್ಬರೂ ಬಸ್ಸಿನಲ್ಲೇ ಹೋದರು. ಊಟದ ಪಂಕ್ತಿಯಲ್ಲಿ ಮರಿಯಯ್ಯನ ಪಕ್ಕದಲ್ಲಿ ಮುದ್ದಮ್ಮನ ಅಣ್ಣ ಕಾಳಯ್ಯ ಕೂತಿದ್ದ. ನೀರು ಬಡಿಸಲು ಬಂದಾಗಲೆಲ್ಲ ಅವನು ಲೋಟದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಮರಿಯಯ್ಯ ಅದನ್ನು ನೋಡಿದ. ಪಾಯಸ ಬಂದಾಗ ಭಾವನ ಕಿವಿಯ ಹತ್ತಿರ ಬಾಗಿ ತನ್ನ ಕಥೆಯನ್ನು ಮೊದಲಿಂದ ಹೇಳತೊಡಗಿದ.