ಮಾತಿನಮಲ್ಲಿ ಏನೂ ಕೇಳದ ದಿನ

ನಮ್ಮ ಕನ್ನಡಕದಂಗಡಿಗೆ ಹೊಸದಾಗಿ ಸೇರಿದವಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟವಳು ನಾನೇ. ನನ್ನಂತೆಯೇ ದೂರದೇಶದಿಂದ ಬಂದವಳು. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಲೇ ಮದುವೆ, ಮಕ್ಕಳು, ಮಂಡಿನೋವು ಎಲ್ಲವನ್ನೂ ವಿಚಾರಿಸುವಳು. ನಮ್ಮ ಕಡೆ ವಿಚಾರಿಸದಿದ್ದರೆ ಸೊಕ್ಕಿನವಳು ಎನ್ನುತ್ತಾರೆ. ಇಲ್ಲಿ ವಿಚಾರಿಸಿದರೆ ದೂರು ಕೊಡುತ್ತಾರೆ. ಒಬ್ಬಾಕೆ ಕೊಟ್ಟೇಬಿಟ್ಟಳು: "ನಂಗೆ ಮಕ್ಕಳ್ಯಾಕಿಲ್ಲ ಅಂತ ಕೇಳೋಕೆ ಇವಳ್ಯಾರು?"

"ಇನ್ನೊಂದು ದೂರು ಬಂದ್ರೆ ನಿಮ್ಮ ಕೆಲಸ ಕಾಯಂ ಆಗಲ್ಲ," ಎಂದರು ಮ್ಯಾನೇಜರ್. ಕಾಯಂ ಆದರೆ ಮಾತ್ರ ಅವಳು ತವರಿನಲ್ಲಿ ಬಿಟ್ಟುಬಂದ ಪುಟ್ಟ ಮಗಳನ್ನು ಕರೆಸಿಕೊಳ್ಳಲು ಸರ್ಕಾರದ ಅನುಮತಿ. ನನಗೂ ಅವಳ ಮೇಲೆ ರೇಗಿತು.

"ಬಾಯಿಗೆ ಬೀಗ ಹಾಕ್ಕೋ ತಾಯಿ. ಅಳತೆ ತಗೋ, ನಗು, ಕಳಿಸು. ಮಗಳು ಬಂದ್ಮೇಲೆ ಅವಳ ತಲೆ ತಿನ್ನು."

ಹಾಕಿಕೊಂಡಳು, ಪಾಪ.

ಅವಳ ಮಾತಿಗೆಂದೇ ಬರುತ್ತಿದ್ದವರು ಒಬ್ಬ ಅಜ್ಜ, ಅಜ್ಜಿ. ಸಡಿಲವಾಗದ ತಿರುಪನ್ನೂ ಬಿಗಿ ಮಾಡಿಸುವರು. "ಇವತ್ತು ಜಗಳ ಶುರು ಮಾಡಿದ್ದು ಯಾರು?" ಎಂದು ಇವಳು ಕೇಳುವುದು, ಅಜ್ಜಿ ಗಂಡನತ್ತ ಬೆರಳು ತೋರಿಸಿ ನಗುವುದು, ಇದೇ ಅವರ ಆಟ.

ಮೊನ್ನೆ ಅಜ್ಜ ಒಬ್ಬರೇ ಬಂದರು. ಕೋಟಿನ ಜೇಬಿನಿಂದ ಅಜ್ಜಿಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚೆನ್ನಾಗಿ ಒರೆಸಿ ಕೊಡಮ್ಮ. ನಾಳೆ ಅವಳಿಗೆ ಕೊನೇ ಸಲ ಹಾಕಿ ಕಳಿಸ್ಬೇಕು."

ಮಾತಿನಮಲ್ಲಿಯ ಕೈ ಗಕ್ಕನೆ ನಿಂತಿತು. ಬಾಯಿ ತೆರೆದಳು. ಬೆನ್ನ ಹಿಂದೆಯೇ ಮ್ಯಾನೇಜರ್ ನಿಂತಿದ್ದರು. ಬಾಯಿ ಮುಚ್ಚಿ ಗಾಜು ಒರೆಸಿದಳು, ಕನ್ನಡಕದ ಕಡ್ಡಿ ನೆಟ್ಟಗೆ ಮಾಡಿದಳು, ನಾನೇ ಕಲಿಸಿದ ಆ ಹಾಳು ನಗೆ ನಕ್ಕಳು.

"ಬೇರೇನಾದ್ರೂ ಬೇಕಿತ್ತಾ ಸರ್?"

"ಇಲ್ಲ," ಎಂದ ಅಜ್ಜ ಹೋಗಲೂ ಇಲ್ಲ. ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಆಮೇಲೆ, "ಇವತ್ತು ನೀನೇನೂ ಕೇಳ್ಲಿಲ್ಲ," ಎಂದು ಮೆಲ್ಲಗೆ ಹೇಳಿ ಬಾಗಿಲು ದಾಟಿದರು.

"ಈಗ ಕಲಿತ್ರಿ ನೋಡಿ," ಎಂದರು ಮ್ಯಾನೇಜರ್. "ನಿಮ್ಮ ಕೆಲಸ ಕಾಯಂ ಅಂತ ಬರೆದುಬಿಡ್ತೀನಿ."

ಅವರು ಒಳಗೆ ಹೋಗಿದ್ದೇ ತಡ, ಒರೆಸುವ ಬಟ್ಟೆ ಕೈಯಲ್ಲಿದ್ದಂತೆಯೇ ಬೀದಿಗೆ ಓಡಿದಳು. ಅಜ್ಜ ಹತ್ತಿದ ಬಸ್ಸು ಹೊರಟುಹೋಗಿತ್ತು. ಅಜ್ಜನ ಮನೆ ಎಲ್ಲಿ ಎಂಬುದೊಂದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಅವಳು ಮರಳಿ ಬಂದಾಗ, "ಕಾಯಂ ಆಯ್ತು ಅಂತ ಮಗಳಿಗೆ ಫೋನ್ ಮಾಡೇ," ಎಂದೆ.

ಅವಳು ಫೋನ್ ಮುಟ್ಟಲಿಲ್ಲ.

"ಅಜ್ಜಿ ಹೋಗ್ಬಿಟ್ರು ಅಕ್ಕಾ. ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಿದ್ದೆ. ಕೇಳ್ಲಿ ಅಂತ ಬಂದವರನ್ನ ಕೇಳ್ಲಿಲ್ಲ."