ಎಲ್ಲರಿಗೂ ಕೇಳಿಸಿದ ಟಿಂಗ್

ಬಾಹ್ಯಾಕಾಶದ ಹಡಗುಗಳ ಆ ಸಿನಿಮಾ ಸರಣಿಯ ಸಂಗೀತ ಅಂದರೆ ಎಲ್ಲರಿಗೂ ನೆನಪಾಗುವುದು ತುತ್ತೂರಿಗಳ ಅಬ್ಬರ. ಮಕ್ಕಳು ಬಚ್ಚಲಲ್ಲಿ ನಿಂತು ಅರಚುವುದೂ ಅದನ್ನೇ. ಆದರೆ ಪ್ರತಿ ಚಿತ್ರದ ಕೊನೆಗೆ, ಹಡಗು ನಕ್ಷತ್ರಗಳ ನಡುವೆ ಮರೆಯಾಗಿ, ವಾದ್ಯಗಳೆಲ್ಲ ತೆಪ್ಪಗಾದ ಮೇಲೆ ಒಂದೇ ಒಂದು ಟಿಂಗ್ ಕೇಳಿಸುತ್ತದಲ್ಲ, ಅದು ಟಿಂಗಕ್ಕನದು. ಸ್ಟುಡಿಯೋದವರು ಇಟ್ಟ ಹೆಸರು. ಮೂರು ಮೂಲೆಯ ಉಕ್ಕಿನ ಕಂಬಿಗೆ ಕಡ್ಡಿಯಿಂದ ತಟ್ಟುವ ಕೆಲಸ. ಇಷ್ಟಕ್ಕೂ ಸಂಬಳ ಕೊಡ್ತಾರಾ ಎಂದು ನಾದಿನಿ ಕೊಂಕು ತೆಗೆದಾಗ, ನೀನೇ ಬಂದು ತಟ್ಟಿ ನೋಡು ಎಂದು ಅವಳ ಬಾಯಿ ಮುಚ್ಚಿಸಿದ್ದಳು.

ಆ ಟಿಂಗನ್ನು ಉಳಿದ ವಾದ್ಯಗಳ ಜೊತೆ ಹದವಾಗಿ ಬೆರೆಸುವವನು ಅವಳ ಗಂಡ, ಸೌಂಡ್ ಇಂಜಿನಿಯರ್. ಮೊದಲ ಚಿತ್ರದಲ್ಲಿ ಪರಿಚಯ, ಎರಡನೆಯದರ ಹೊತ್ತಿಗೆ ಮದುವೆ. ಈಗ ಸರಣಿಯ ಕಡೆಯ ಚಿತ್ರ.

ಮಿಕ್ಸಿಂಗ್ ಮುಗಿಯಿತೆಂದು ಸಂಗೀತ ನಿರ್ದೇಶಕರು ಕೇಳಲು ಬಂದರು. ಟಿಂಗಕ್ಕ ಹಿಂದಿನ ಸೋಫಾದಲ್ಲಿ ಕೂತಿದ್ದಳು. ಎಲ್ಲ ಚೆನ್ನಾಗಿತ್ತು. ಕೊನೆಗೆ ಟಿಂಗ್ ಬಂತು ನೋಡಿ, ಅಯ್ಯಪ್ಪಾ, ಕಿವಿಗೆ ಸೂಜಿ ಚುಚ್ಚಿದ ಹಾಗಿತ್ತು. ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಮೇಲೆ ಪ್ರೀತಿ ಇರಲಪ್ಪಾ, ಅದಕ್ಕೆ ಊರನ್ನೆಲ್ಲ ಕಿವುಡು ಮಾಡಬೇಕಾ ಎಂದು ರೇಗಿಸಿ, ಸ್ವಲ್ಪ ಇಳಿಸಿಡಿ ಎಂದು ಕಾಫಿಗೆ ಹೋದರು.

ಟಿಂಗಕ್ಕನೂ ನಾಚಿ ನಕ್ಕಳು. ಗಂಡ ನಗಲಿಲ್ಲ. ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದ. ಈಚೆಗೆ ಮನೆಯಲ್ಲಿ ಓವನ್ ಪೀಂ ಪೀಂ ಎಂದು ಬಡಕೊಂಡರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದ. ಸೋಮಾರಿ ಎಂದು ಅವಳು ಬಾಯಿಗೆ ಬಂದಂತೆ ಬೈದಿದ್ದಳು. ಈಗ ಅವಳಿಗೆ ಅನುಮಾನ ಬಂತು. ಚೀಲದಿಂದ ಕಂಬಿ ತೆಗೆದು, ಗಂಡನ ಬೆನ್ನ ಹಿಂದೆಯೇ ನಿಂತು ಮೆಲ್ಲಗೆ ತಟ್ಟಿದಳು. ಅವನು ತಿರುಗಲಿಲ್ಲ. ಮತ್ತೊಮ್ಮೆ ತಟ್ಟಿದಳು. ಇಲ್ಲ.

ಭುಜದ ಮೇಲೆ ಕೈಯಿಟ್ಟಾಗ ಬೆಚ್ಚಿ ತಿರುಗಿದ. ಅವಳ ಕೈಯಲ್ಲಿದ್ದ ಕಂಬಿ ನೋಡಿ ಅವನಿಗೆ ಎಲ್ಲ ಗೊತ್ತಾಯಿತು.

"ಹಿಂದಿನ ಸಿನಿಮಾದಿಂದಾನೇ ಹೀಗೆ," ಎಂದ. "ಮಿಕ್ಕಿದ್ದೆಲ್ಲಾ ಕೇಳ್ಸುತ್ತೆ ಕಣೇ. ಚೂಪು ಸದ್ದುಗಳೇ ಕೇಳ್ಸಲ್ಲ, ಅದ್ರಲ್ಲೂ ನಿನ್ನದು. ಕೇಳ್ಸೋವರೆಗೂ ಏರಿಸ್ತಾ ಹೋದೆ."

ಇಷ್ಟು ದಿನ ಮುಚ್ಚಿಟ್ಟನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬೇಕಿದ್ದರೆ ಅವಳೇ ಇಳಿಸಿ, ಯಾರಿಗೂ ಗೊತ್ತಾಗದಂತೆ ಒಪ್ಪಿಸಬಹುದಿತ್ತು. ಹಾಗಂತ ಅವಳು ಬಾಯಿಬಿಟ್ಟು ಹೇಳಿಯೂಬಿಟ್ಟಳು. ಅವನು ಬೇಡವೆಂದ, ಇನ್ನೇನೇನು ತಪ್ಪಿಸಿಕೊಂಡಿದೆಯೋ ತನಗೇ ಗೊತ್ತಿಲ್ಲ, ನಿರ್ದೇಶಕರು ಇನ್ನೊಬ್ಬರನ್ನು ಕೂರಿಸಿ ಎಲ್ಲವನ್ನೂ ಕೇಳಿಸಲಿ ಎಂದ. ಅವರು ಬಂದ ಕೂಡಲೇ ಹೇಳಿಯೂಬಿಟ್ಟ. ನಿರ್ದೇಶಕರ ಮುಖದ ನಗು ಇಳಿದುಹೋಯಿತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ಇದೊಂದನ್ನ ನಾವೇ ಮುಗಿಸ್ತೀವಿ ಸಾರ್," ಎಂದ ಗಂಡ.

ಕೊನೆಯ ತುಣುಕನ್ನು ಮತ್ತೆ ಮತ್ತೆ ಹಾಕಿದರು. ಟಿಂಗಕ್ಕ ಪ್ರತಿ ಸಲವೂ ಫೇಡರನ್ನು ಕೂದಲೆಳೆಯಷ್ಟು ಇಳಿಸಿದಳು. ಗಂಡ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಈಗ ಹೋಯ್ತು," ಎಂದ.

ಹದಕ್ಕೆ ಬರಲು ಇನ್ನೂ ಇಳಿಯಬೇಕಿತ್ತು. ಅದು ಅವಳಿಗೆ ಗೊತ್ತು, ಬೆರಳು ಮಾತ್ರ ಮುಂದೆ ಹೋಗಲೊಲ್ಲದು. ಅವನು ಕಣ್ಣು ತೆರೆದು ಅವಳ ಮುಖ ನೋಡಿದ. ಆಮೇಲೆ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು, ಅವಳು ಸಾಕು ಅನ್ನುವವರೆಗೂ ಕೆಳಗೆ ತಳ್ಳಿದ.