ಪುಟ್ಟನ ಜೊತೆ ಪ್ರಾಕ್ಟೀಸ್

"ನಿಮ್ಮ ವಯಸ್ಸಿಗೆ ವಾಕಿಂಗ್ ಸಾಕಾಗಲ್ವಾ ಅಮ್ಮಾ?" ಎಂದು ಕುಸ್ತಿ ಕ್ಲಾಸಿನ ಕೋಚ್ ಕೇಳಿದ.

"ನನ್ನ ಮಗನ ಸಿಟ್ಟಿಗೆ ಸಾಕಾಗಲ್ಲಪ್ಪ" ಎಂದೆ.

ನಮ್ಮ ಪುಟ್ಟ ಆರಡಿ ಆಳು; ಬುದ್ಧಿ ಮಾತ್ರ ನಾಲ್ಕು ವರ್ಷದ್ದು. ಸಿಟ್ಟು ನೆತ್ತಿಗೇರಿದರೆ ಎದುರಿಗೆ ಸಿಕ್ಕವರನ್ನು ಕೆಡವಿ ಮೇಲೆ ಕೂರುತ್ತಾನೆ. ಕಳೆದ ಸಲ ಅವನಪ್ಪನ ಕೈ ಮುರಿದಿತ್ತು. "ಇನ್ನೊಂದ್ಸಲ ಹೀಗಾದ್ರೆ ಇಂಥವರನ್ನ ಇಟ್ಕೊಳ್ಳೋ ಕಡೆ ಬಿಟ್ಟು ಬರೋದೇ" ಎಂದು ಇವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದನ್ನು ತಪ್ಪಿಸಬೇಕೆಂದೇ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಬೆನ್ನು ಬಿದ್ದುಹೋದ ಮೇಲೂ, ಹುಡುಗರ ನಡುವೆ ಮ್ಯಾಟಿನ ಮೇಲೆ ಹೊರಳಾಡಲು ಹೋದೆ.

ಮೇಲೆ ಕೂತವರನ್ನು ಸೊಂಟ ಎತ್ತಿ ಉರುಳಿಸುವುದು. ಪಕ್ಕಕ್ಕೆ ವಾಲಿ, ಕಾಲೂರಿ, ಸೊಂಟ ಹಿಂದಕ್ಕೆಳೆದು ಜಾರಿಕೊಳ್ಳುವುದು. ಎದೆಗೆ ಎದೆ ಒತ್ತಿ, ನೋವಾಗದಂತೆ ಅದುಮಿ ಹಿಡಿಯುವುದು. ಕಲಿಸಿದ್ದು ಇಷ್ಟೇ. "ಮನೇಲೂ ಯಾರನ್ನಾದ್ರೂ ಜೊತೆಗಿಟ್ಕೊಂಡು ಪ್ರಾಕ್ಟೀಸ್ ಮಾಡಿ" ಎಂದ ಕೋಚ್.

ಯಾರು ಬರುತ್ತಾರೆ? ಇವರು "ನಾಚಿಕೆ ಆಗಲ್ವೇನೇ ನಿಂಗೆ?" ಎಂದು ಪೇಪರಿನಲ್ಲಿ ಮುಖ ಹುದುಗಿಸಿಕೊಂಡರು. ಪುಟ್ಟನನ್ನೇ ಚಾಪೆಗೆ ಕರೆದೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು! ಅವನಿಗೆ ಅದು ಆಟ. ಕೇಕೆ ಹಾಕಿ ನಕ್ಕ. ಅವನು ನಕ್ಕಿದ್ದು ಎಷ್ಟು ತಿಂಗಳಾದ ಮೇಲೋ! ಆ ನಗುವಿಗೆ ಸೋತು ದಿನಾ ಆಡಿಸಿದೆ. ಒಂದಕ್ಷರವೂ ತಲೆಗೆ ಹತ್ತದವನಿಗೆ ಇದು ಮೈಗೇ ಹತ್ತಿಬಿಟ್ಟಿತು.

ಮುಂದಿನ ಸಲ ಸಿಟ್ಟು ಬಂದಾಗ ಕೋಚ್ ಹೇಳಿದಂತೆಯೇ ಅದುಮಿ ಹಿಡಿದೆ. ಪುಟ್ಟ ಪಕ್ಕಕ್ಕೆ ವಾಲಿದ, ಕಾಲೂರಿದ, ಜಾರಿಕೊಂಡ. ಎಷ್ಟು ಚೆಂದ ಮಾಡಿದ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು, ಹೆತ್ತ ಹೊಟ್ಟೆ ನೋಡಿ. ಅಷ್ಟರಲ್ಲಿ ಅವನು ಅಪ್ಪನ ಮೇಲೆ ಬಿದ್ದಿದ್ದ. ಇವರ ಪಕ್ಕೆಲುಬು ಮುರಿಯಿತು. ಆಸ್ಪತ್ರೆಯಿಂದಲೇ ಇವರು ಇಂಥವರನ್ನು ಇಟ್ಟುಕೊಳ್ಳುವ ಕಡೆಗೆ ಫೋನ್ ಮಾಡಿದರು. ನಾನು ಪುಟ್ಟನ ಬಟ್ಟೆಗಳಿಗೆ ಇಸ್ತ್ರಿ ಮಾಡಿ ಮಡಿಸಿಟ್ಟೆ.

ಕರೆದೊಯ್ಯಲು ಇಬ್ಬರು ಗಟ್ಟಿಮುಟ್ಟಾದ ಗಂಡಸರು ಬಂದರು. ಒಬ್ಬನ ಹಿಡಿತದಿಂದ ಪುಟ್ಟ ಜಾರಿಕೊಂಡ, ಇನ್ನೊಬ್ಬನನ್ನು ಉರುಳಿಸಿದ. ಉರುಳಿಸಿ, ನೋಡಿದೆಯಾ ಎಂಬಂತೆ ನನ್ನತ್ತ ತಿರುಗಿ ನಕ್ಕ.

"ನಮ್ಮ ಕೈಲಾಗಲ್ಲಮ್ಮ. ಇಂಜೆಕ್ಷನ್ ಕೊಡೋವರೆಗೆ ನೀವೇ ಹಿಡ್ಕೊಳ್ಳಿ" ಎಂದ ಒಬ್ಬ, ಏದುಸಿರು ಬಿಡುತ್ತಾ.

ನಾನು ಚಾಪೆ ಹಾಸಿದೆ. "ಬಾರೋ ಕಂದ, ಆಡೋಣ" ಎಂದೆ. ಓಡಿ ಬಂದು ಅಂಗಾತ ಮಲಗಿದ. ಎದೆಗೆ ಎದೆ ಒತ್ತಿ ಹಿಡಿದೆ. ಕಿಸಿಕಿಸಿ ನಗುತ್ತಿದ್ದ, ಅಮ್ಮ ಗೆಲ್ಲಲಿ ಎಂದೋ ಏನೋ, ಜಾರಿಕೊಳ್ಳಲೇ ಇಲ್ಲ.

"ಈಗ ಬನ್ನಿ" ಎಂದೆ ಅವರಿಗೆ.